ಮೂಕವಾದ ಯಂತ್ರ

1965ರಿಂದ ಆಕಾಶವಾಣಿಯ ನಿಲಯವುಳ್ಳ ಭದ್ರಾವತಿಯಲ್ಲಿ, ನಮ್ಮ ಮಿತ್ರರೊಬ್ಬರ ಮನೆಯ ಗಣಕಯಂತ್ರವು ಈಚೆಗೆ ಒಮ್ಮೆಲೇ ಮೂಕವಾಯಿತು. ಗತಿಸಿದ ಅವರ ತಾಯಿಯವರು ಹಾಡಿದ ಹಸೆಯ ಹಾಡುಗಳು ಅದರಲ್ಲಿದ್ದುವು, ಬೇರೆ ಪ್ರತಿಯಿರಲಿಲ್ಲ. ಶಿವಮೊಗ್ಗೆಯ ಅಂಗಡಿಯವನೊಬ್ಬನು ಎಲ್ಲವನ್ನೂ ಅಳಿಸಿ ಲಿನಕ್ಸನ್ನು ಹೊಸದಾಗಿ ಹಾಕಬೇಕೆಂದನು. ನಾವು ತಡೆದೆವು.

ಶಿಕ್ಷಾಶಾಸ್ತ್ರವು ಧ್ವನಿಗೆ ಉರಸ್ಸು, ಕಂಠ ಮೊದಲಾದ ಎಂಟು ಸ್ಥಾನಗಳನ್ನು ಹೇಳುತ್ತದೆ. ಯಂತ್ರದಲ್ಲಿಯೂ ಹಾಗೆಯೇ ಸ್ಥಾನ ಸ್ಥಾನವಾಗಿ ಹುಡುಕತಕ್ಕದ್ದು. ಮೊದಲು, ಸ್ಪೀಕರಿನ ತಂತಿಯು ಹಿಂಬದಿಯ ಹಸುರು ರಂಧ್ರದಲ್ಲಿದೆಯೇ ಎಂದು ನೋಡಬೇಕು. ಬಳಿಕ ಟರ್ಮಿನಲ್ಲಿನಲ್ಲಿ ‘ಆಲ್ಸಾಮಿಕ್ಸರ್’ ತೆರೆಯಬೇಕು. ಪಟ್ಟಿಯ ಕೆಳಗೆ ‘ಎಂಎಂ’ ಎಂದಿದ್ದರೆ ಬಾಯಿ ಕಟ್ಟಿದೆಯೆಂದರ್ಥ. ಎಂ ಅಕ್ಷರವನ್ನೊತ್ತಿದರೆ ಬಿಚ್ಚುವುದು. ಕಡೆಗೆ, ಸೆಟ್ಟಿಂಗ್ಸಿನಲ್ಲಿ ಧ್ವನಿಯ ಹೊರದಾರಿ ಯಾವುದೆಂದು ಪರೀಕ್ಷಿಸಬೇಕು.

ದೋಷವು ಅಲ್ಲಿಯೇ ಇದ್ದಿತು. ಹೊಸ ಪರದೆಯನ್ನು ಎಚ್‌ಡಿಎಂಐ ತಂತಿಯಿಂದ ಜೋಡಿಸಿದಂದಿನಿಂದ ಧ್ವನಿಯೆಲ್ಲವೂ ಸ್ಪೀಕರಿಲ್ಲದ ಆ ಪರದೆಗೇ ಹರಿಯುತ್ತಿದ್ದಿತು. ದಾರಿಯನ್ನು ಬದಲಿಸಿದೊಡನೆ ತಾಯಿಯ ಕಂಠವು ಕೇಳಿಬಂದಿತು. ಮಿತ್ರರು ಬಹಳ ಹೊತ್ತು ಮಾತನಾಡಲಿಲ್ಲ.

ವಾಚಕರಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ: ಅಳಿಸುವುದಕ್ಕೆ ಮುಂಚೆ ಹುಡುಕಿರಿ, ಹುಡುಕುವುದಕ್ಕೂ ಮುಂಚೆ ಒಂದು ಪ್ರತಿಯನ್ನು ಬೇರೆಡೆ ತೆಗೆದಿಡಿರಿ.