ಸ್ಯಾಕ್ಸೋಫೋನಿನ ದಾಸರ ಪದಕ್ಕೆ ಮಾತು ಕೊಡುವವರು ಯಾರು?

ಮೊನ್ನೆ ಏಳನೇ ತರಗತಿಯಲ್ಲಿ ದಾಸರ ಪದಗಳ ಪಾಠ. ಬರೇ ಓದಿ ಹೇಳಿದರೆ ಮಕ್ಕಳು ಆಕಳಿಸುತ್ತಾರೆಂದು ಮೊಬೈಲಿನಲ್ಲಿ ಸ್ಯಾಕ್ಸೋಫೋನ್ ಹಾಕಿದೆ. ಲಕ್ಷ್ಮಿಯನ್ನು ಮನೆಗೆ ಕರೆಯುವ ಪುರಂದರದಾಸರ ಪದ, ನಿಮಗೆಲ್ಲ ಗೊತ್ತಿರುವುದೇ.

"ಇದು ಯಾವುದು, ಗೊತ್ತುಂಟಾ?"

"ಗೊತ್ತುಂಟು ಮಾಷ್ಟ್ರೇ, ಮದುವೆ ಹಾಲಿನ ಮ್ಯೂಸಿಕ್!"

ಇಡೀ ಕ್ಲಾಸು ನಕ್ಕಿತು. ನಾನೂ ನಕ್ಕೆ. ಆದರೆ ಇದರ ಮಾತು ಯಾರಿಗೆ ಬರುತ್ತದೆ ಎಂದು ಕೇಳಿದಾಗ ಎದ್ದದ್ದು ಮೂರೇ ಕೈ. ಮನೆಗೆ ಬಂದ ಮೇಲೂ ಅದೇ ತಲೆಯಲ್ಲಿ ಕೊರೆಯುತ್ತಿತ್ತು.

ಕಾಸರಗೋಡಿನಲ್ಲಿ ಸ್ಯಾಕ್ಸೋಫೋನ್ ಪರದೇಶಿ ವಾದ್ಯ ಎಂದರೆ ಯಾರೂ ನಂಬಲಿಕ್ಕಿಲ್ಲ. ಜಾತ್ರೆಯ ಬಲಿ ಉತ್ಸವದಲ್ಲಿ ಚೆಂಡೆಯದ್ದೊಂದು ಸುತ್ತಾದರೆ ವಾದ್ಯದ್ದೊಂದು ಸುತ್ತು. ಆ ವಾದ್ಯ ಹೆಚ್ಚಿನ ಕಡೆ ಈಗ ಇದೇ. ಕೋಲಕ್ಕೂ ಇದು ಬೇಕು, ಧಾರೆಗೂ ಇದು ಬೇಕು. ಬೆಲ್ಜಿಯಂನ ಅಡೋಲ್ಫ್ ಸ್ಯಾಕ್ಸ್ 1846ರಲ್ಲಿ ಪ್ಯಾರಿಸ್ಸಿನಲ್ಲಿ ಪೇಟೆಂಟ್ ಪಡೆದು, ಸೈನ್ಯದ ಬ್ಯಾಂಡುಗಳಿಗೆ ಕೊಟ್ಟ ಈ ವಾದ್ಯ ನಮ್ಮ ದೇವಸ್ಥಾನದ ಅಂಗಳಕ್ಕೆ ಬಂದು ಹೀಗೆ ಬೇರೂರಿದ್ದರಲ್ಲಿ ದೊಡ್ಡ ಪಾಲು ಕದ್ರಿ ಗೋಪಾಲನಾಥರದ್ದು. ಬಂಟ್ವಾಳ ತಾಲೂಕಿನ ಸಜೀಪದವರು, ನಾಗಸ್ವರ ವಾದಕರ ಮಗ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕಂಡು ಮರುಳಾದವರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನ ಬಿಬಿಸಿ ಪ್ರಾಮ್ಸ್‌ನಲ್ಲಿ ಕರ್ನಾಟಕ ಸಂಗೀತ ನುಡಿಸಿದರು, 2004ರಲ್ಲಿ ಪದ್ಮಶ್ರೀ ಬಂತು. 2019ರ ಅಕ್ಟೋಬರ್ 11ರಂದು ತೀರಿಕೊಂಡರು.

ಅವರು ಮಾಡಿದ್ದು ಸಣ್ಣ ಕೆಲಸವಲ್ಲ. ನಾಗಸ್ವರದಲ್ಲಿ ತೂತನ್ನು ಬೆರಳಿನಿಂದ ಅರ್ಧ ಮುಚ್ಚಿ, ಕಾಲು ತೆರೆದು ಸ್ವರವನ್ನು ಜಾರಿಸಬಹುದು. ಸ್ಯಾಕ್ಸೋಫೋನಿನಲ್ಲಿ ಬೆರಳು ತೂತನ್ನು ಮುಟ್ಟುವುದೇ ಇಲ್ಲ, ಮುಚ್ಚುವುದು ಕೀಲಿ. ಹಾಗಾಗಿ ಗಮಕಕ್ಕೆ ತುಟಿಯ ಒತ್ತಡ, ಗಂಟಲು, ಉಸಿರು ಎಲ್ಲ ಸೇರಿ ದುಡಿಯಬೇಕು. ಅದನ್ನು ವರ್ಷಗಟ್ಟಲೆ ಪಳಗಿಸಿ, ಕಂಚಿನ ಬಣ್ಣದ ಆ ಕೊಳವೆಯಲ್ಲಿ ಕೀರ್ತನೆ ಹಾಡಿಸಿದರು.

"ಹಾಡಿಸಿದರು" ಎಂದೆನಲ್ಲ, ನನ್ನ ಮಾತೆಲ್ಲ ಇರುವುದು ಅಲ್ಲೇ.

ವಾದ್ಯಕ್ಕೆ ಭಾಷೆ ಇಲ್ಲ, ಅದೇ ಅದರ ದೊಡ್ಡಸ್ತಿಕೆ ಎನ್ನುತ್ತಾರೆ ನನ್ನ ಗೆಳೆಯರೊಬ್ಬರು. ಸಪ್ತಭಾಷಾ ಸಂಗಮ ಎಂದು ಭಾಷಣದಲ್ಲಿ ಹೊಗಳಿಸಿಕೊಳ್ಳುವ ಈ ಊರಲ್ಲಿ ತುಳುವರು, ಮಲಯಾಳಿಗಳು, ಕೊಂಕಣಿಗರು ಒಂದೇ ಅಂಗಳದಲ್ಲಿ ನಿಂತು ಒಟ್ಟಿಗೆ ತಲೆದೂಗುವುದು ಸ್ಯಾಕ್ಸೋಫೋನಿಗೆ. ನಿಜ. ತ್ಯಾಗರಾಜರ ತೆಲುಗು ನಮಗೇನು ಪೂರ್ತಿ ಅರ್ಥವಾಗುತ್ತದಾ? ಕೇಳುವುದಿಲ್ಲವಾ? ಅದೂ ನಿಜ.

ಆದರೆ ದಾಸರು ಕನ್ನಡದಲ್ಲೇ ಯಾಕೆ ಹಾಡಿದರು? ಸಂಸ್ಕೃತ ಬಾರದವರಿಗೂ ಮಾತು ತಿಳಿಯಲಿ ಎಂದಲ್ಲವೇ? ಆ ಪದದಿಂದ ಮಾತನ್ನು ತೆಗೆದರೆ ಉಳಿಯುವುದು ಚೆಂದದ ಮಟ್ಟು. ನನ್ನ ತಾಯಿ ಅಡುಗೆಮನೆಯಲ್ಲಿ ಕೂತು ರೇಡಿಯೋದ ಸ್ಯಾಕ್ಸೋಫೋನ್ ಕೇಳುತ್ತಿದ್ದಾಗ ತುಟಿ ಅಲ್ಲಾಡುತ್ತಿತ್ತು. ವಾದ್ಯ ನುಡಿಸಿದ್ದು ಸ್ವರ, ಮಾತು ತುಂಬಿದ್ದು ತಾಯಿ. ಇಬ್ಬರೂ ಸೇರಿದಾಗಲೇ ಅದು ದೇವರನಾಮ. ನನ್ನ ಕ್ಲಾಸಿನ ಮಕ್ಕಳಿಗೆ ತುಂಬಲು ಮಾತಿಲ್ಲ. ಮನೆಯಲ್ಲಿ ತುಳುವೋ ಮಲಯಾಳವೋ, ಪೇಟೆಯಲ್ಲಿ ಮಲಯಾಳ, ಕನ್ನಡವೆಂದರೆ ನಾಲ್ಕು ಗೋಡೆಯೊಳಗೆ ನಾವು ಕೊಟ್ಟಷ್ಟೇ.

ಇದು ವಾದ್ಯದವರ ಮೇಲಿನ ದೂರಲ್ಲ. ಮಾತು ಗೊತ್ತಿರುವ ವಾದಕ ನುಡಿಸಿದರೆ ಗುರುತು ಸಿಗುತ್ತದೆ. ಅಕ್ಷರ ಶುರುವಾಗುವಲ್ಲಿ ನಾಲಗೆ ರೀಡನ್ನು ಮುಟ್ಟುತ್ತದೆ, ಉಸಿರು ತೆಗೆದುಕೊಳ್ಳುವುದು ಪದ ಮುಗಿದ ಮೇಲೆ. ಬರೇ ಮಟ್ಟು ಕಲಿತವರು ಪದದ ಹೊಟ್ಟೆಯಲ್ಲೇ ಉಸಿರು ಕಡಿಯುತ್ತಾರೆ. ಕೇಳುವವರಿಗೆ ಮಾತು ಗೊತ್ತಿಲ್ಲದಿದ್ದರೆ ಎರಡೂ ಒಂದೇ! ಹಾಗಾದ ಮೇಲೆ ವಾದಕನಾದರೂ ಯಾಕೆ ಕಷ್ಟಪಡಬೇಕು? ಊಟದ ಹಾಲಿನಲ್ಲಿ ಎಲೆ ಹಾಕುವ ಗದ್ದಲದ ನಡುವೆ ಅವನನ್ನು ಕೂರಿಸಿ, ಎರಡು ಪದ ಆಗುವಷ್ಟರಲ್ಲಿ ಸಿನಿಮಾ ಹಾಡಿಗೆ ಚೀಟಿ ಕಳಿಸುವವರು ನಾವೇ ತಾನೇ?

ನನ್ನ ಸಲಹೆ ದೊಡ್ಡದೇನಲ್ಲ. ದೇವಸ್ಥಾನದಲ್ಲಿ ಸ್ಯಾಕ್ಸೋಫೋನ್ ಕಛೇರಿ ಇಟ್ಟರೆ ಮೊದಲು ಯಾರಾದರೂ ಪಲ್ಲವಿಯನ್ನು ಬಾಯಲ್ಲಿ ಹಾಡಲಿ, ಆಮೇಲೆ ವಾದ್ಯ ಹಿಡಿಯಲಿ. ಯಾರ ಪದ, ಏನು ಹೇಳುತ್ತದೆ ಎಂದು ಮೈಕಿನಲ್ಲಿ ಎರಡೇ ವಾಕ್ಯ ಹೇಳಲಿ. ದೇಣಿಗೆ ಕೊಟ್ಟವರ ಹೆಸರು ಓದಲು ಅರ್ಧ ಗಂಟೆ ಸಿಗುತ್ತದಲ್ಲ! ಎಡನೀರು ಮಠದಲ್ಲಿ ಕೇಶವಾನಂದ ಭಾರತಿ ಸ್ವಾಮೀಜಿ ಇದ್ದಾಗ, 2020ರಲ್ಲಿ ಅವರು ತೀರಿಕೊಳ್ಳುವ ಮೊದಲು, ತಾವೇ ಕೂತು ಭಕ್ತಿಗೀತೆ ಹಾಡುತ್ತಿದ್ದರು. ಪೀಠದಲ್ಲಿದ್ದವರಿಗೇ ಹಾಡಲು ನಾಚಿಕೆ ಇರಲಿಲ್ಲ, ನಮಗೇಕೆ?

ನಮ್ಮ ಪಾಲಿನ ಕೆಲಸ ಶಾಲೆಯಲ್ಲಿ. ನಮ್ಮ ಬೆಂಚುಗಳಲ್ಲಿ ಎಲ್ಲ ಧರ್ಮದ ಮಕ್ಕಳೂ ಇದ್ದಾರೆ. ನಾನು ಕಲಿಸುವುದು ಪೂಜೆಯನ್ನಲ್ಲ, ಪದವನ್ನು. ಅದು ಕನ್ನಡ ಕಲಿಯುವ ಎಲ್ಲರ ಆಸ್ತಿ.

ಮರುದಿನದಿಂದ ಆ ಪದದ ಒಂದೊಂದೇ ಚರಣ ಬೋರ್ಡಿನಲ್ಲಿ ಬರೆಸಿದೆ. ಎರಡು ವಾರ ಕಳೆದು ಹಿಂದಿನ ಬೆಂಚಿನ ಹುಡುಗನೊಬ್ಬ ಮದುವೆಗೆ ಹೋಗಿಬಂದ.

"ಮಾಷ್ಟ್ರೇ, ಆ ವಾದ್ಯದವರು ಗೆಜ್ಜೆ ಅನ್ನುವಲ್ಲಿ ಉಸಿರು ತೆಗೆದರು. ಗೆಜ್ಜೆ ತುಂಡಾಯಿತು!"

ಆ ವಾದಕರ ಕ್ಷಮೆ ಕೇಳುತ್ತೇನೆ. ಆದರೆ ನಿಜ ಹೇಳುತ್ತೇನೆ, ಈ ವರ್ಷ ನನಗೆ ಸಿಕ್ಕಿದ ಅತ್ಯಂತ ಒಳ್ಳೆಯ ಉತ್ತರಪತ್ರಿಕೆ ಅದು.