ಬ್ಯಾಡಗಿ ಬೆಂಕಿ: ಪೊಲೀಸರು ಕಡಿಮೆ ಇದ್ರೋ, ಲೆಕ್ಕ ಹಾಕೋರು ಇರ್ಲಿಲ್ವೋ?

ಹಾವೇರಿ: 2024ರ ಮಾರ್ಚ್ 11, ಸೋಮವಾರ. ಮೆಣಸಿನಕಾಯಿ ದರ ಬಿತ್ತು ಅಂತ ಸಿಟ್ಟಿಗೆದ್ದ ರೈತರು ಬ್ಯಾಡಗಿ ಎಪಿಎಂಸಿ ಕಚೇರಿಗೆ ನುಗ್ಗಿದರು. ಗಾಜು ಪುಡಿಯಾಯಿತು, ವಾಹನಗಳು ಹೊತ್ತಿ ಉರಿದವು. ಅಗ್ನಿಶಾಮಕ ವಾಹನವನ್ನೂ ಬಿಡಲಿಲ್ಲ. ಸ್ಥಳದಲ್ಲಿದ್ದ ಪೊಲೀಸರು ಆ ಗುಂಪಿನ ಮುಂದೆ ಯಾವ ಲೆಕ್ಕಕ್ಕೂ ಸಾಲಲಿಲ್ಲ. ಹೆಚ್ಚುವರಿ ಪಡೆ ಬರುವಷ್ಟರಲ್ಲಿ ಆಗೋದೆಲ್ಲ ಆಗಿತ್ತು.

'ಸಿಬ್ಬಂದಿ ಕೊರತೆ' ಎನ್ನುವುದು ಇಂಥ ಕಡೆ ರೆಡಿ ಇರುವ ಉತ್ತರ. ಸುಳ್ಳಲ್ಲ, ಆದರೆ ಪೂರ್ತಿ ಸತ್ಯವೂ ಅಲ್ಲ. ಬ್ಯಾಡಗಿ ಮಾರುಕಟ್ಟೆ ದಿನ ಸೋಮವಾರ ಮತ್ತು ಗುರುವಾರ ಅಂತ ಹಮಾಲರಿಂದ ಹಿಡಿದು ಚಹಾದಂಗಡಿಯವರ ತನಕ ಎಲ್ಲರಿಗೂ ಗೊತ್ತು. ಫೆಬ್ರುವರಿ–ಮಾರ್ಚ್‌ನಲ್ಲಿ ಬಳ್ಳಾರಿ, ರಾಯಚೂರು, ಆಂಧ್ರದ ಲಾರಿಗಳು ಸಾಲುಗಟ್ಟುವುದೂ ಗೊತ್ತು. ಹಿಂದಿನ ರಾತ್ರಿಯೇ ಅಂಗಳದಲ್ಲಿ ಎಷ್ಟು ಚೀಲ ಬಿದ್ದಿವೆ ಅಂತ ನೋಡಿದರೆ ಮರುದಿನ ಎಷ್ಟು ಜನ ಸೇರ್ತಾರೆ, ಟೆಂಡರ್ ದರ ಹೊರಬೀಳುವ ಹೊತ್ತಿಗೆ ಯಾವ ಗೇಟಿಗೆ ಎಷ್ಟು ಜನ ಬೇಕು ಎಂಬ ಅಂದಾಜು ಸಿಗುತ್ತದೆ. ಎಪಿಎಂಸಿ, ವರ್ತಕರು, ಠಾಣೆ, ಈ ಮೂವರ ನಡುವೆ ಒಂದು ಫೋನ್ ಕರೆಯ ಕೆಲಸ.

ಜನ ಹೆಚ್ಚಿದ್ದರೆ ಸಾಕು ಅಂತಲೂ ಅಲ್ಲ. 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಕೇಳಿದ ರೈತರ ಮೇಲೆ ಗೋಲಿಬಾರ್ ಆಯಿತು, ಇಬ್ಬರು ಜೀವ ಬಿಟ್ಟರು. ಕೊರತೆ ಬಿದ್ದದ್ದು ಗೊಬ್ಬರ, ಬೇಸಾಯದ ಹೊತ್ತು ಮೀರ್ತಿತ್ತು. ಬಂದೂಕು ಹಿಡಿಯುವ ಮೊದಲೇ ಗುಂಪಿನ ಜೊತೆ ಮಾತಾಡಬಲ್ಲ ಅಧಿಕಾರಿ ಮುಂದೆ ನಿಲ್ಲಬೇಕಾದ ಜಾಗ ಅದು.

ಇನ್ನು ಕಾನ್‌ಸ್ಟೆಬಲ್‌ಗಳ ಪಾಡು. ರಾತ್ರಿ ಬೀಟ್, ಬೆಳಿಗ್ಗೆ ಬಂದೋಬಸ್ತ್, ಮಧ್ಯಾಹ್ನ ಕೋರ್ಟು. ರಜೆ, ಸಂಬಳ, ಮೇಲಿನವರ ಕಿರುಕುಳದ ವಿಚಾರವಾಗಿಯೇ 2016ರ ಜೂನ್ 4ರಂದು ರಾಜ್ಯದ ಪೊಲೀಸರು ಸಾಮೂಹಿಕ ರಜೆಗೆ ಕರೆ ಕೊಟ್ಟಿದ್ದು. ನಿದ್ದೆಗೆಟ್ಟವನನ್ನು ಸಿಟ್ಟಾದ ಗುಂಪಿನ ಮುಂದೆ ನಿಲ್ಲಿಸಿದರೆ ತಾಳ್ಮೆ ಎಲ್ಲಿಂದ ಬರಬೇಕು? ಹಾಜರಿ ಪುಸ್ತಕ ನೋಡುವ ಸಾಹೇಬರು ಡ್ಯೂಟಿ ಪಟ್ಟಿಯನ್ನೂ ನೋಡಬೇಕಲ್ಲ.

ಠಾಣಾಧಿಕಾರಿಗೆ ಕನಿಷ್ಠ ಎರಡು ವರ್ಷ ಕೊಡಿ ಅಂತ ಸುಪ್ರೀಂ ಕೋರ್ಟ್ 2006ರಲ್ಲೇ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಊರಿನ ಪರಿಚಯ ಆಗುವ ಮೊದಲೇ ವರ್ಗವಾಗಿ ಹೋದರೆ ಯಾವ ಮಾಹಿತಿ ಯಾರಿಗೆ ಸಿಗುತ್ತೆ? 2017ರ ಸುಧಾರಿತ ಬೀಟ್ ವ್ಯವಸ್ಥೆಯಲ್ಲಿ ಕಾನ್‌ಸ್ಟೆಬಲ್‌ಗೂ ತನ್ನದೇ ಏರಿಯಾದ ಜವಾಬ್ದಾರಿ ಇದೆ. ಅದು ನಡೀತಿದೆಯಾ ಅಂತ ತಿಳಿಯಲು ಮೇಲಧಿಕಾರಿ ಬೀಟ್ ಪುಸ್ತಕದ ಸಹಿ ಎಣಿಸಬೇಕಿಲ್ಲ. ರಾಣೆಬೆನ್ನೂರಿನ ಯಾವುದಾದರೂ ಬೀಜದಂಗಡಿಗೆ ಹೋಗಿ, 'ನಿಮ್ಮ ಬೀಟ್ ಪೊಲೀಸ್ ಯಾರ್ರೀ?' ಅಂತ ಕೇಳಿದರಾಯಿತು.