ರಾಹುವಿನ ಆಹಾರ

ರಾಹುವಿಗೆ ಹೊಟ್ಟೆ ಇಲ್ಲ. ಸಮುದ್ರಮಥನವಾದಾಗ ದೇವತೆಗಳ ಪಂಕ್ತಿಯಲ್ಲಿ ಕದ್ದು ಕೂತು ಅಮೃತ ಕುಡಿದ ಅಸುರನನ್ನು ಸೂರ್ಯ, ಚಂದ್ರರು ತೋರಿಸಿಕೊಟ್ಟರು. ವಿಷ್ಣುವಿನ ಚಕ್ರ ಅವನ ಕತ್ತು ಕತ್ತರಿಸಿತು. ಅಮೃತ ಸೋಕಿದ್ದರಿಂದ ಸಾಯದೆ ಉಳಿದ ತಲೆ ರಾಹುವಾಯಿತು, ಮುಂಡ ಕೇತುವಾಯಿತು. ಹಗೆ ತೀರಿಸಲು ಗ್ರಹಣದಲ್ಲಿ ರಾಹು ನುಂಗಿದ ಸೂರ್ಯ ಕತ್ತಿನಿಂದ ಹೊರಬೀಳುತ್ತಾನೆ. ಆಕಾಶದಲ್ಲಿ ಅಲೆಯುವ ಈ ದೈತ್ಯನ ಹಸಿವು ಸೂರ್ಯನಿಂದ ತಣಿಯುವಂಥದ್ದಲ್ಲ. ಅವನನ್ನು ಇಷ್ಟು ಕಾಲ ಸಾಕಿದ್ದು ನೆಲದ ಮೇಲಿನ ಜನರ ಅಂಜಿಕೆ.

ಸಿರುಗುಪ್ಪ, ದೇಶನೂರು, ಕುರುಗೋಡು ಒಳಗೊಂಡ ಬಳ್ಳಾರಿ ಸೀಮೆಯಲ್ಲಿ ಆ ಅಂಜಿಕೆಗೆ ಮನೆಯೊಳಗೇ ಒಂದು ಕ್ರಮವಿದೆ. ಗ್ರಹಣ ಹಿಡಿಯುವ ಮೊದಲೇ ಒಲೆ ಆರುತ್ತದೆ, ನೀರಿನ ಕೊಡಕ್ಕೂ ಉಪ್ಪಿನಕಾಯಿ ಭರಣಿಗೂ ದರ್ಭೆ ಬೀಳುತ್ತದೆ. ಬಸುರಿಯರು ಹೊರಗೆ ಬರುವಂತಿಲ್ಲ, ಈಳಿಗೆ ಮುಟ್ಟುವಂತಿಲ್ಲ. ಕೆಲವು ಮನೆಗಳಲ್ಲಿ ಹಿತ್ತಾಳೆ ತಟ್ಟೆಗೆ ನೀರು ಹಾಕಿ ಅದರಲ್ಲಿ ಒನಕೆ ನಿಲ್ಲಿಸುತ್ತಾರೆ. ನಿಂತರೆ ಗ್ರಹಣ ಹಿಡಿದಿದೆ, ಬಿದ್ದರೆ ಬಿಟ್ಟಿದೆ ಎಂದು ಲೆಕ್ಕ. ಅಡಿ ಸಮವಾಗಿರುವ ಒನಕೆ ಯಾವ ದಿನವಾದರೂ ನಿಲ್ಲುತ್ತದೆ. ಬೇರೆ ದಿನ ಯಾರೂ ನಿಲ್ಲಿಸಿ ನೋಡುವುದಿಲ್ಲ, ಅಷ್ಟೆ.

ಇವುಗಳಲ್ಲಿ ಕೆಲವು ಯಾರಿಗೂ ಕೇಡು ಮಾಡದ ಆಚಾರಗಳು. ಎಲ್ಲವೂ ಹಾಗಲ್ಲ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದಂದು ಕಲಬುರಗಿ ಬಳಿಯ ತಾಜಸುಲ್ತಾನಪುರದಲ್ಲಿ ಅಂಗವೈಕಲ್ಯವಿರುವ ಮಕ್ಕಳನ್ನು ವಾಸಿಯಾಗಲೆಂದು ಕುತ್ತಿಗೆವರೆಗೆ ಮಣ್ಣಿನಲ್ಲಿ ಹೂಳಲಾಗಿತ್ತು. ಹೆತ್ತವರ ಸಂಕಟ ಎಷ್ಟೇ ನಿಜವಾಗಿದ್ದರೂ ಅದು ಆ ಮಕ್ಕಳಿಗೆ ಆದ ಅನ್ಯಾಯ.

ಸೂರ್ಯನನ್ನು ಮರೆಮಾಡುವುದು ಚಂದ್ರ, ಚಂದ್ರನನ್ನು ಕವಿಯುವುದು ಭೂಮಿಯ ನೆರಳು ಎಂದು ಆರ್ಯಭಟ ಕ್ರಿ.ಶ. 499ರಲ್ಲೇ ಬರೆದಿಟ್ಟ. ಚಂದ್ರನ ಹಾದಿ ಸೂರ್ಯನ ಹಾದಿಗೆ ಸುಮಾರು 5 ಡಿಗ್ರಿ ಓರೆಯಾಗಿದೆ. ಎರಡೂ ಹಾದಿಗಳು ಕೂಡುವ ಜಾಗಗಳೇ ಜ್ಯೋತಿಷ ಗಣಿತದ ರಾಹು, ಕೇತು, ಅವು 18.6 ವರ್ಷಕ್ಕೊಮ್ಮೆ ಒಂದು ಸುತ್ತು ಬರುತ್ತವೆ. ಪಂಚಾಂಗದವರು ಸ್ಪರ್ಶ, ಮೋಕ್ಷದ ಗಳಿಗೆಯನ್ನು ಮುಂಚೆಯೇ ಹೇಳುವುದು ಈ ಲೆಕ್ಕದಿಂದ. ಹೊತ್ತು ನೋಡಿ ಬರುವ ರಾಕ್ಷಸನಿಗೆ ಇಷ್ಟು ಹೆದರಿದ್ದು ಬೇಸರದ ಸಂಗತಿ. ಇದೇ ಲೆಕ್ಕ ಹಿಂದಿನ ಕಾಲಕ್ಕೂ ಸಲ್ಲುತ್ತದೆ. ಗ್ರಹಣದ ಪುಣ್ಯಕಾಲದಲ್ಲಿ ಭೂಮಿ ದಾನ ಕೊಟ್ಟದ್ದನ್ನು ಕನ್ನಡ ಶಾಸನಗಳು ನೂರಾರು ಕಡೆ ಹೇಳುತ್ತವೆ. ಶಾಸನದ ತೇದಿ ಸರಿಯೇ ಎಂದು ನೋಡಲು ಇತಿಹಾಸಕಾರರಿಗೆ ಇಂದು ಆ ಗ್ರಹಣಗಳೇ ಸಾಕ್ಷಿ.

1980ರ ಫೆಬ್ರುವರಿ 16, ಶನಿವಾರ ಮಧ್ಯಾಹ್ನ ಖಗ್ರಾಸ ಸೂರ್ಯಗ್ರಹಣದ ನೆರಳು ಅಂಕೋಲಾದ ಕಡೆಯಿಂದ ಹತ್ತಿ ಹುಬ್ಬಳ್ಳಿ, ರಾಯಚೂರಿನ ಮೇಲೆ ಹಾದುಹೋಯಿತು. ಸಿರುಗುಪ್ಪದಿಂದ ತುಂಗಭದ್ರೆ ದಾಟಿದರೆ ಸಿಗುವ ಸಿಂಧನೂರು ತಾಲ್ಲೂಕಿನ ಜವಳಗೇರಾದಲ್ಲಿ, ಹುಬ್ಬಳ್ಳಿ ಬಳಿಯ ಹೊಸೂರಿನಲ್ಲಿ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ದೂರದರ್ಶಕ ಹೂಡಿ ಕಾದಿದ್ದರು. ಕತ್ತಲು ನಿಂತದ್ದು ಎರಡು ನಿಮಿಷ ಚಿಲ್ಲರೆ. ಅಷ್ಟರಲ್ಲಿ ಅವರು ಕಪ್ಪು ಬಿಂಬದ ಸುತ್ತ ಬೆಳ್ಳಗೆ ಹರಡಿದ, ಸೂರ್ಯನ ಹೊರವಲಯವಾದ ಕರೋನಾದ ಬೆಳಕನ್ನು ದಾಖಲಿಸಿಕೊಂಡರು. ಅದೇ ಹೊತ್ತಿಗೆ ದೇಶದ ಊರೂರುಗಳಲ್ಲಿ ಬೀದಿ ಖಾಲಿಯಾಗಿ ಬಾಗಿಲು ಮುಚ್ಚಿದ್ದವು. ತಲೆಯ ಮೇಲೇ ಬಂದ ಅಪರೂಪದ ನೋಟವನ್ನು ಅಷ್ಟು ಜನ ಕಳೆದುಕೊಂಡರು.

ಈ ಅಂಜಿಕೆಯಲ್ಲಿ ಒಂದು ಎಳೆ ಮಾತ್ರ ನಿಜ. ಸೂರ್ಯನನ್ನು ಬರಿಗಣ್ಣಿನಿಂದ ನೋಡಿದರೆ ಅಕ್ಷಿಪಟಲ ಸುಡುತ್ತದೆ, ನೋವು ಗೊತ್ತಾಗುವುದಿಲ್ಲ. ಅದು ಗ್ರಹಣದ ವಿಷವಲ್ಲ, ಎಲ್ಲ ದಿನದ ಬಿಸಿಲಿನ ಗುಣ. ಪ್ರಮಾಣಿತ ಸೌರ ಕನ್ನಡಕ ಬೇಕು. ಎಕ್ಸ್‌ರೇ ಹಾಳೆ, ಮಸಿ ಹಿಡಿದ ಗಾಜು ಸಾಲದು. ಏನೂ ಇಲ್ಲದಿದ್ದರೆ ಬೇವಿನ ಮರದಡಿ ನಿಂತು ನೆಲ ನೋಡಿದರೂ ಸಾಕು: ಎಲೆಗಳ ಸಂದಿಯಿಂದ ಬಿದ್ದ ಒಂದೊಂದು ಬೆಳಕಿನ ಚುಕ್ಕೆಯೂ ಕುಡುಗೋಲಿನಂತೆ ಬಾಗಿರುತ್ತದೆ. ಚಂದ್ರಗ್ರಹಣಕ್ಕೆ ಯಾವ ರಕ್ಷಣೆಯೂ ಬೇಡ.

2031ರ ಮೇ 21ರ ಕಂಕಣ ಗ್ರಹಣದ ಪಟ್ಟಿ ಕೇರಳ, ತಮಿಳುನಾಡಿನ ಮೇಲೆ ಹಾಯುತ್ತದೆ. ಬಳ್ಳಾರಿ ಸೀಮೆಗೆ ಅಂದು ಪಾರ್ಶ್ವ ಗ್ರಹಣ ಕಾಣುತ್ತದೆ. ಬೇಸಿಗೆ ರಜೆಯಾದ್ದರಿಂದ ಮಕ್ಕಳೆಲ್ಲ ಊರಲ್ಲೇ ಇರುತ್ತಾರೆ.